ಅತ್ತೆಯ ಹೆಸರಿನ ಎಂಟು ಕೈಗಳು

ಒಂದು ಸಂಜೆ ಐದು ಗಂಟೆಗೆ ನಮ್ಮ ಅತ್ತೆಯ ರಕ್ತದೊತ್ತಡ ನೂರಾ ಹತ್ತು ಇತ್ತು. ಐದೂ ಹತ್ತಕ್ಕೆ ನೂರಾ ತೊಂಬತ್ತು. ಐದೂ ಕಾಲಿಗೆ ಮತ್ತೆ ನೂರಾ ಇಪ್ಪತ್ತಾರು. ನಾನು ಮೂವತ್ತೆರಡು ವರ್ಷ ಪ್ರಾಥಮಿಕ ಶಾಲೆಯಲ್ಲಿ ಗಣಿತ ಕಲಿಸಿ ನಿವೃತ್ತಳಾದವಳು, ಅಂಕಿ ಕಂಡರೆ ಹೆದರುವವಳಲ್ಲ. ಆದರೆ ಆ ಅಂಕಿಗಳನ್ನು ಈಗ ನೆನೆಸಿಕೊಂಡರೂ ತಲೆ ಗಿರ್ರೆನ್ನುತ್ತದೆ. ಕುಳಿತಲ್ಲಿಂದ ಏಳದೆ, ಯಾರ ಮೇಲೂ ಸಿಟ್ಟಾಗದೆ, ಬಸಿಯಲ್ಲಿ ಚಹಾ ಸುರಿದುಕೊಂಡು ಹೀರುತ್ತಿದ್ದ ಎಂಬತ್ತೆರಡರ ಮುದುಕಿಯ ರಕ್ತ ಕಾಲು ಗಂಟೆಯಲ್ಲಿ ಹೀಗೆ ಏರಿ ಇಳಿದದ್ದು ಹೇಗೆ? ಆಗಲೇ ಕೇಳಬೇಕಿತ್ತು. ನಾನು ಕೇಳಲಿಲ್ಲ, ಏಕೆಂದರೆ ನಾನು ಅವನ್ನು ನೋಡುತ್ತಲೇ ಇರಲಿಲ್ಲ. ಬರೆದಿಡುವ ಕೆಲಸ ಫೋನಿನದು, ಓದುವ ಕೆಲಸ ಮಿರಜಿನ ಆಸ್ಪತ್ರೆಯವರದು ಎಂದು ನಿಶ್ಚಿಂತೆಯಾಗಿದ್ದೆ.

ಐನಾಪುರದ ನಮಗೆ ಮಿರಜ ಎಂದರೆ ಆಸ್ಪತ್ರೆ ಎಂದೇ ಅರ್ಥ. ತಲೆ ತಿರುಗಿದರೆ ಮಿರಜ, ಹೆರಿಗೆಗೆ ಮಿರಜ, ಕಡೆಗೆ ಸಾಯುವವರೂ ಒಮ್ಮೆ ಮಿರಜಕ್ಕೆ ಹೋಗಿ ಬಂದೇ ಸಾಯುತ್ತಾರೆ. ಕಳೆದ ಯುಗಾದಿಯಲ್ಲಿ ಅತ್ತೆಗೆ ತಲೆ ಸುತ್ತಿದಾಗ ನಾವೂ ಅಲ್ಲಿಗೇ ಹೋದೆವು. ಡಾಕ್ಟರರು ಗುಳಿಗೆ ಬರೆದುಕೊಟ್ಟು ಒಂದು ಬಿಪಿ ಯಂತ್ರವನ್ನೂ ಕೊಡಿಸಿದರು. ವಯಸ್ಸಾದವರನ್ನು ಹದಿನೈದು ದಿನಕ್ಕೊಮ್ಮೆ ಕಬ್ಬಿನ ಟ್ರ್ಯಾಕ್ಟರುಗಳ ನಡುವೆ ಕಾರಿನಲ್ಲಿ ಕುಲುಕಿಸಿಕೊಂಡು ಯಾಕೆ ತರುತ್ತೀರಿ, ಮನೆಯಲ್ಲೇ ತೋಳಿಗೆ ಪಟ್ಟಿ ಕಟ್ಟಿ ಗುಂಡಿ ಒತ್ತಿ, ಅಂಕಿ ಫೋನಿನಿಂದ ತಾನಾಗಿ ನಮಗೆ ಬಂದು ಸೇರುತ್ತದೆ, ಗುಳಿಗೆ ಹೆಚ್ಚು ಕಡಿಮೆ ಮಾಡುವುದನ್ನು ನಾವೇ ಫೋನಿನಲ್ಲಿ ಹೇಳುತ್ತೇವೆ ಎಂದರು. ನನಗೆ ಬಹಳ ಹಿಡಿಸಿತು. ಹೊಸದನ್ನು ಬೇಗ ಕಲಿಯುವವಳು ಎಂಬ ಸೊಕ್ಕು ನನಗೆ ಮೊದಲಿನಿಂದಲೂ ಉಂಟು.

ಆಸ್ಪತ್ರೆಯ ಒಬ್ಬ ಹುಡುಗಿ ನನ್ನ ಹಳೆಯ ಫೋನು ಇಸಿದುಕೊಂಡು ಅದರಲ್ಲಿ ಆ್ಯಪ್ ಹಾಕಿಕೊಟ್ಟಳು. ಅತ್ತೆಯ ಹೆಸರು ತುಂಬಿದ ಮೇಲೆ ಇನ್ನೊಂದು ಖಾನೆ ಬಂತು. “ಘರಾತ ಆಣಖಿ ಕೋಣಿ ಆಹೆ ಕಾ?” ಎಂದು ಕೇಳಿದಳು, ಮನೆಯಲ್ಲಿ ಇನ್ನಾರಾದರೂ ಇದ್ದಾರಾ ಎಂದು. ಪ್ರತಿಯೊಬ್ಬರಿಗೂ ಹೆಸರು, ವಯಸ್ಸು, ಒಂದು ಓಟಿಪಿ ಬೇಕಂತೆ. ಹೊರಗೆ ಕಾರು ಅಡ್ಡ ನಿಂತಿದೆ ಎಂದು ಕಾವಲುಗಾರ ಕೂಗುತ್ತಿದ್ದ. “ಕೋಣಿ ನಾಹಿ,” ಎಂದೆ. ಯಾರೂ ಇಲ್ಲ. ಅವಳು ಬೆರಳಿನಿಂದ ಆ ಖಾನೆಯನ್ನು ಪಕ್ಕಕ್ಕೆ ಸರಿಸಿಬಿಟ್ಟಳು.

ಮನೆಗೆ ಬಂದ ಮೇಲೆ ಗೊಂದಲ ಶುರುವಾಯಿತು. ಯಂತ್ರ ಹಿಂದಿಯಲ್ಲಿ ಮಾತಾಡುತ್ತಿತ್ತು. ಆ್ಯಪ್ ಇಂಗ್ಲಿಷಿನಲ್ಲಿತ್ತು. ಆಸ್ಪತ್ರೆಯಿಂದ ಬರುವ ಫೋನು ಮರಾಠಿಯಲ್ಲಿ. ಅತ್ತೆ ಎಲ್ಲದಕ್ಕೂ ಕನ್ನಡದಲ್ಲಿ ಉತ್ತರ ಕೊಡುತ್ತಿದ್ದರು, ಯಂತ್ರಕ್ಕೂ. ಅದು “ಶಾಂತವಾಗಿ ಕುಳಿತುಕೊಳ್ಳಿ” ಎಂದು ಹಿಂದಿಯಲ್ಲಿ ಹೇಳಿದರೆ, “ಕುಂತೀನಿ ತಗೊ, ನೀನ ಸುಮ್ನ ಕುಂದ್ರು,” ಎನ್ನುತ್ತಿದ್ದರು. ಹಿತ್ತಲಲ್ಲಿ ಬೇದಾಣಿ ಸೋಸುತ್ತಿದ್ದ ಮಾವಶಿ ಆ ದನಿ ಕೇಳಿ ಬಾಗಿಲಲ್ಲಿ ಇಣುಕಿ, “ಯಾರ ಬಂದಾರ್ರಿ ಅಕ್ಕಾರ?” ಎಂದು ಕೇಳಿದಳು. ಯಾರೂ ಇಲ್ಲ, ಬಿಪಿ ಮಶೀನು ಎಂದೆ. ಆಕೆ ನಕ್ಕು ತನ್ನ ಕೆಲಸಕ್ಕೆ ಹೋದಳು. ನಮ್ಮಲ್ಲಿ ಒಣದ್ರಾಕ್ಷಿಗೆ ಬೇದಾಣಿ ಎನ್ನುತ್ತೇವೆ. ದ್ರಾಕ್ಷಿಯ ಹಂಗಾಮು ಮುಗಿದ ಮೇಲೆ ತೊಟ್ಟು, ಕಸ ಆರಿಸುವ ಕೆಲಸ ವಾರಗಟ್ಟಲೆ ಇರುತ್ತದೆ. ಮಾವಶಿ ಆ ಕೆಲಸಕ್ಕೆ, ಹೊಲದ ಕೆಲಸಕ್ಕೆ, ದನದ ಕೊಟ್ಟಿಗೆಗೆ ಮೂವತ್ತು ವರ್ಷದಿಂದ ಬರುತ್ತಿದ್ದವಳು. ಊರಿನ ಆಚೆ ಕಡೆಯ, ಬೌದ್ಧರಾದ ದಲಿತ ಮನೆತನದ ಹೆಂಗಸು.

ನಾನು ಮಧ್ಯಾಹ್ನ ಗಂಡನ ಜೊತೆ ಬೇದಾಣಿ ಶೆಡ್ಡಿಗೆ ಹೋದರೆ ಬರುವುದು ಐದೂವರೆಗೆ. ಸಂಜೆಯ ಅಂಕಿ ತಪ್ಪಬಾರದು ಎಂದು, ಸಿಮ್ ಇಲ್ಲದ ಆ ಹಳೆಯ ಫೋನನ್ನು ಮನೆಯ ವೈಫೈಗೆ ಜೋಡಿಸಿ ಯಂತ್ರದ ಬಳಿ ಇಟ್ಟು, ಅತ್ತೆಗೇ ಯಂತ್ರ ಕಲಿಸಲು ಕುಳಿತೆ. ಮೊದಲ ದಿನ ಪಟ್ಟಿಯನ್ನು ಮುಂಗೈಗೆ ಕಟ್ಟಿಕೊಂಡರು, ಎರಡನೆಯ ದಿನ ಸೀರೆಯ ಮೇಲೆ. ನನಗೆ ತಾಳ್ಮೆ ಕಡಿಮೆ. “ದಿನಾ ಅಭ್ಯಾಸ ಮಾಡ್ರಿ ಅತ್ತಿ, ಮಗ್ಗಿ ಬಾಯಿಪಾಠ ಮಾಡಿದಂಗ. ಹತ್ತ ಸಲ ಕಟ್ಟಿದ್ರ ಬರತೈತಿ,” ಎಂದು ಗದರಿದೆ. ಪಾಪ, ಕಲಿತರು. ಎರಡು ವಾರದಲ್ಲಿ ನನಗಿಂತ ಚೆನ್ನಾಗಿ ಪಟ್ಟಿ ಕಟ್ಟುತ್ತಿದ್ದರು. ನಾನು ಓಣಿಯಲ್ಲೆಲ್ಲ ಹೇಳಿಕೊಂಡು ಬಂದೆ, ನಮ್ಮ ಅತ್ತೆ ಈ ವಯಸ್ಸಿನಲ್ಲಿ ಡಿಜಿಟಲ್ ಆಗಿದ್ದಾರೆ ಎಂದು.

ಆಮೇಲೆ ಮಿರಜಿನಿಂದ ಫೋನು ಬರತೊಡಗಿತು. ಒತ್ತಡ ಹಿಡಿತಕ್ಕೆ ಬರುತ್ತಿಲ್ಲ, ರಾತ್ರಿಯದು ಒಂದು ಗುಳಿಗೆ ಹೆಚ್ಚಿಸಿ. ತಿಂಗಳ ಮೇಲೆ ಇನ್ನೊಂದು ಫೋನು, ಬೆಳಗಿನದೂ ಹೆಚ್ಚಿಸಿ. ನಾನು ಹೆಚ್ಚಿಸಿದೆ. ಅತ್ತೆ ದಿನದಿಂದ ದಿನಕ್ಕೆ ಮಂಕಾಗುತ್ತ ಹೋದರು. ಎದ್ದರೆ ಗೋಡೆ ಹಿಡಿಯುತ್ತಿದ್ದರು. ಗುಳಿಗೆ ಹೆಚ್ಚಾದಷ್ಟೂ ಅವರು ಇಳಿದು ಹೋಗುತ್ತಿದ್ದುದು ನನಗೆ ಕಾಣುತ್ತಿತ್ತು, ಆದರೆ ಅಂಕಿಗಳು ಸುಳ್ಳು ಹೇಳುವುದಿಲ್ಲವಲ್ಲ. ಒಂದು ಬುಧವಾರ ಬೆಳಿಗ್ಗೆ ಬಚ್ಚಲಿನ ಬಾಗಿಲಲ್ಲಿ ಕುಸಿದು ಕುಳಿತರು, ಮುಖ ಬಿಳಿಚಿಹೋಗಿತ್ತು. ಎತ್ತಿ ಕಾರಿನಲ್ಲಿ ಹಾಕಿಕೊಂಡು ಮಿರಜಕ್ಕೆ ಓಡಿದೆವು.

ಡಾಕ್ಟರರು ತಾವೇ ಪಟ್ಟಿ ಕಟ್ಟಿ ನೋಡಿದರು. ಬಹಳ ಕಡಿಮೆ ಇತ್ತು. ಎದೆಯ ಇಸಿಜಿ ತೆಗೆಸಿದರು, ಎಲ್ಲ ಸರಿಯಾಗಿತ್ತು. ಅವರು ಕಂಪ್ಯೂಟರು ನೋಡಿದರು, ಅತ್ತೆಯನ್ನು ನೋಡಿದರು, ಮತ್ತೆ ಕಂಪ್ಯೂಟರು ನೋಡಿದರು. “ಆಜಿ, ಇವೆಲ್ಲ ನಿಮ್ಮವೇನಾ?” ಎಂದು ಮರಾಠಿಯಲ್ಲಿ ಕೇಳಿದರು.

ಅತ್ತೆ ಸಂಕೋಚವೇ ಇಲ್ಲದೆ ಹೇಳಿದರು: “ಎಲ್ಲಾ ನನ್ನವ ಹೆಂಗ ಇರತಾವ್ರಿ? ಸಂಜೀ ಮುಂದ ನಮ್ಮ ಮನೀ ಕಟ್ಟೀ ಮ್ಯಾಲ ಓಣಿ ಮಂದಿ ಬಂದ ಕುಂತಿರ್ತಾರ. ಅವರ ಮುಂದ ನಾ ಒಬ್ಬಾಕಿನ ಕೈ ಕಟ್ಟಿಕೊಂಡ ಕುಂದ್ರೂದು ಚಂದ ಕಾಣತೈತೇನ್ರಿ? ಚಾ ಮಾಡಿದ್ರ ಒಬ್ರಿಗೆ ಕೊಟ್ಟು ಒಬ್ರನ್ನ ಬಿಡತಾರೇನು? ಎಲ್ಲಾರಿಗೂ ಕಟ್ಟತೀನಿ.”

ನನಗೆ ನೆಲ ಬಾಯಿ ಬಿಡಬಾರದೇ ಎನಿಸಿತು. ಯಾರದೋ ದುಡ್ಡು ಎಲ್ಲಮ್ಮನ ಜಾತ್ರೆ ಎನ್ನುತ್ತಾರೆ. ಇಲ್ಲಿ ಓಣಿಯವರ ಬಿಪಿಗೆಲ್ಲ ನಮ್ಮ ಅತ್ತೆ ಗುಳಿಗೆ ನುಂಗಿದ್ದರು. ಡಾಕ್ಟರರು ಮೊದಲು ನಕ್ಕರು. ಆಮೇಲೆ ಗುಳಿಗೆಗಳನ್ನು ಹಳೆಯ ಲೆಕ್ಕಕ್ಕೆ ಇಳಿಸಿ ಬರೆದರು. ಬರೆಯುತ್ತಿದ್ದವರು ಪೆನ್ನು ಕೆಳಗಿಟ್ಟು, ಪರದೆಯನ್ನು ನಮ್ಮ ಕಡೆ ತಿರುಗಿಸಿದರು. ಕಳೆದ ಹತ್ತು ದಿನಗಳಲ್ಲಿ ಮೂರು ಅಂಕಿಗಳ ಪಕ್ಕದಲ್ಲಿ ಒಂದು ಸಣ್ಣ ಹೃದಯದ ಗುರುತು ಇತ್ತು. ಅದು ಎದೆಬಡಿತ ತಾಳ ತಪ್ಪಿದಾಗ ಯಂತ್ರ ಹಾಕುವ ಗುರುತಂತೆ. “ಇವು ಮೂರೂ ಒಬ್ಬರದೇ ಇರಬೇಕು. ಆಜಿಯದಲ್ಲ, ಹಾಗಾದರೆ ಬೇರೆ ಯಾರದೋ. ಇಂಥ ಎದೆಯಲ್ಲಿ ರಕ್ತ ಹೆಪ್ಪುಗಟ್ಟಿ ಯಾವ ಗಳಿಗೆಯಲ್ಲಾದರೂ ಲಕ್ವಾ ಹೊಡೆಯಬಹುದು. ಆ ಮನುಷ್ಯರನ್ನು ಹುಡುಕಿ, ಬೇಗ ನನ್ನ ಹತ್ತಿರ ಕಳಿಸಿ,” ಎಂದರು. ಮೂರೂ ಮಧ್ಯಾಹ್ನ ಮೂರು ಗಂಟೆಯ ಸುಮಾರಿನವು ಎಂದೂ ಹೇಳಿದರು.

ವಾಪಸು ಬರುವಾಗ ಅತ್ತೆ ಕಾಗವಾಡದ ತನಕ ಒಂದು ಮಾತೂ ಆಡಲಿಲ್ಲ, ಕಿಟಕಿಯ ಹೊರಗೆ ನೋಡುತ್ತ ಕುಳಿತಿದ್ದರು. ತಲೆ ಸುತ್ತು ಇನ್ನೂ ಇಳಿದಿಲ್ಲ ಎಂದುಕೊಂಡೆ. ನನ್ನ ತಲೆ ಮಾತ್ರ ಓಡುತ್ತಿತ್ತು. ನಮ್ಮ ಓಣಿಯಲ್ಲಿ ಯಾರೋ ಒಬ್ಬರು ಸಾವು ಬಗಲಲ್ಲಿಟ್ಟುಕೊಂಡು ಓಡಾಡುತ್ತಿದ್ದರು, ಅದು ಅವರಿಗೇ ಗೊತ್ತಿರಲಿಲ್ಲ, ಹುಡುಕಬೇಕಾದವಳು ನಾನು.

ಮನೆಗೆ ಬಂದವಳೇ ಹಾಜರಿ ಪುಸ್ತಕದ ಹಾಗೆ ಗೆರೆ ಎಳೆದು ಹೆಸರು ಬರೆದೆ. ಅತ್ತೆ, ಹಿಂದಿನ ಮನೆಯ ಕಾಕು, ಕಿರಾಣಿ ಅಂಗಡಿಯ ಆಯಿ, ಎದುರು ಮನೆಯ ಅಕ್ಕ ತಂಗಿ, ಮೂಲೆ ಮನೆಯ ಅಜ್ಜಿ, ಸಂತೆಯ ದಿನ ಬಳೆ ಮಾರಲು ಬಂದು ನಮ್ಮ ಕಟ್ಟೆಯ ಮೇಲೆ ದಣಿವಾರಿಸಿಕೊಳ್ಳುವ ಕುಡಚಿಯ ಚಾಚಿ. ಏಳು ಜನ. ಎರಡು ಸಲ ಎಣಿಸಿದೆ, ಏಳೇ ಇದ್ದರು.

ಸಂಜೆ ಐವರನ್ನು ಕೂಡಿಸಿ ವಿಷಯ ಹೇಳಿದೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ; ಇಲ್ಲಿ ಐವರೂ ಎದೆ ಮುಟ್ಟಿ ನೋಡಿಕೊಂಡರು. ಅಂಗಡಿ ಆಯಿ, “ನಂದ ಇರಬೇಕ್ ಬಿಡ್ರಿ, ಕೆಟ್ಟದ್ದು ಬಂದ್ರ ಮೊದಲ ನನ್ನ ಅಂಗಡಿಗೇ ಬರತೈತಿ,” ಎಂದರು. ಅಕ್ಕ ತಂಗಿಯರು ಅದು ನಿಂದೇ ನಿಂದೇ ಎಂದು ಒಬ್ಬರನ್ನೊಬ್ಬರು ಗುಮಾನಿಯಿಂದ ನೋಡಿದರು. ಮೂಲೆ ಮನೆಯ ಅಜ್ಜಿ ಆಗಲೇ ಅಳಲು ಶುರು ಮಾಡಿದ್ದರು. ಒಬ್ಬೊಬ್ಬರಿಗೂ ಮೂರು ಮೂರು ಸಲ ಪಟ್ಟಿ ಕಟ್ಟಿದೆ. ಅಂಗಡಿ ಆಯಿಯದು ನೂರಾ ತೊಂಬತ್ತು, ಅವರಿಗೆ ಮರುದಿನವೇ ಡಾಕ್ಟರರ ಬಳಿ ಹೋಗಲು ಹೇಳಿದೆ. ಆದರೆ ಹೃದಯದ ಗುರುತು ಯಾರದರಲ್ಲೂ ಬರಲಿಲ್ಲ.

“ಮಧ್ಯಾಹ್ನ ಮೂರಕ್ಕ ಬಂದವರು ಯಾರು ನೆನಪ ಮಾಡಿಕೊಳ್ರಿ,” ಎಂದೆ.

“ನಡೂ ಮಧ್ಯಾಹ್ನ ನಾವ್ಯಾಕ ಬರೂಣು? ನಮಗ ನಿದ್ದಿ ಬ್ಯಾಡೇನು?” ಎಂದು ಕಾಕು ನನಗೇ ಬೈದರು.

ಉಳಿದವಳು ಚಾಚಿ ಒಬ್ಬಳು. ಆದರೆ ಅವಳು ಬರುವುದು ಸಂತೆಯ ದಿನ ಬೆಳಿಗ್ಗೆ, ಆ ಮೂರರಲ್ಲಿ ಎರಡು ಸಂತೆಯ ದಿನಗಳೇ ಅಲ್ಲ. ನಾನು ದಿನಾಂಕಗಳನ್ನು ಮುಂದಿನಿಂದ ಓದಿದೆ, ಹಿಂದಿನಿಂದ ಓದಿದೆ. ಏಳು ಕೈಗಳಿಗೂ ಸೇರದ ಮೂರು ಅಂಕಿಗಳು ಎಲ್ಲಿಂದ ಬಂದವು? ನನ್ನ ಗಂಡ ದ್ರಾಕ್ಷಿ ಬೆಳೆಯುವ ಮನುಷ್ಯ, ಅವರಿಗೆ ಹನಿ ನೀರಾವರಿಯ ಯಂತ್ರವೂ ಒಂದೇ, ಇದೂ ಒಂದೇ. “ಮಶೀನಿಗೆ ಹುಚ್ಚ ಹಿಡದೈತಿ, ಬ್ಯಾಟರಿ ತಗದ ಹಾಕು,” ಎಂದರು. ನಾಚಿಕೆಯಿಲ್ಲದೆ ಹೇಳುತ್ತೇನೆ, ನನಗೆ ಆ ಮಾತು ಹಿತವೆನಿಸಿತು. ಯಂತ್ರದ ತಪ್ಪು ಎಂದುಕೊಂಡರೆ ಹುಡುಕುವ ಕೆಲಸ ತಪ್ಪುತ್ತಿತ್ತು.

ಊಟಕ್ಕೆ ಕುಳಿತಾಗ ಅತ್ತೆ, “ಮಾವಶಿ ಇವತ್ತ ಬಂದಿದ್ಲೇನು?” ಎಂದು ಕೇಳಿದರು.

“ಎಲ್ಲಿ ಬರ್ತಾಳ್ರಿ, ಎರಡ ದಿನಾ ಆತು ಹೇಳಿಲ್ಲ ಕೇಳಿಲ್ಲ. ಬೇದಾಣಿ ಹಂಗ ಬಿದ್ದಾವ,” ಎಂದು ಸಿಡುಕಿದೆ. ಅತ್ತೆ ರೊಟ್ಟಿ ಅರ್ಧಕ್ಕೆ ಬಿಟ್ಟು ಎದ್ದರು. ಅದನ್ನೂ ಗುಳಿಗೆಯ ಲೆಕ್ಕಕ್ಕೇ ಹಾಕಿದೆ.

ಮರುದಿನ ಸಂತೆ. ಹತ್ತು ಗಂಟೆಗೆ ಚಾಚಿ ಬಳೆಯ ಬುಟ್ಟಿ ಇಳಿಸಿದಳು. ಬಳೆ ನೋಡಲು ಕಾಕು, ಆಯಿ, ಅಕ್ಕ ತಂಗಿ ಎಲ್ಲ ಕಟ್ಟೆಗೆ ಬಂದರು. ನಾನು ಬಳೆಗೂ ಮೊದಲು ಚಾಚಿಗೆ ಪಟ್ಟಿ ಕಟ್ಟಿದೆ. ಏನೂ ಬರಲಿಲ್ಲ. ಅವಳಿಗೆ ಇಡೀ ಕಥೆ ಹೇಳಿದೆ. ಚಾಚಿ ಎಲ್ಲವನ್ನೂ ಕೇಳಿಸಿಕೊಂಡು, ದೊಡ್ಡ ವಿಷಯವೇನೂ ಅಲ್ಲ ಎಂಬಂತೆ ಕೇಳಿದಳು: “ಮಧ್ಯಾಹ್ನ ನಿಮ್ಮ ಮನ್ಯಾಗ ಯಾರ ಇರ್ತಾರ್ರಿ?”

“ಅತ್ತಿ ಒಬ್ರ.”

“ಮತ್ತ ಮಾವಶಿ?”

ನಾನು ಕೈಯಲ್ಲಿದ್ದ ಪಟ್ಟಿಯನ್ನು ಕಟ್ಟೆಯ ಮೇಲೆ ಇಟ್ಟೆ.

“ಹ್ವಾದ ಸಂತಿಗೆ ಆಕೀ ಕೈಗೆ ಬಳಿ ಹಾಕಾಕ ಹ್ವಾದೆ,” ಎಂದಳು ಚಾಚಿ. “ಇಷ್ಟ ವರ್ಸಾತು, ಆಕೀದು ಎರಡ್ ನಾಕರ ಅಳತಿ. ನಾ ಕಣ್ಣ ಮುಚ್ಚಿ ಹಾಕತೀನಿ. ಈ ಸಲ ಏರಲಿಲ್ರಿ. ಎರಡ್ ಎಂಟರದ ತಗದೆ, ಅದೂ ಸಾಬಾಣ ಹಚ್ಚಿ ಹಾಕಿದೆ. ಮೈಗೂಡಿ ಬಂದೀ ಏನ ಮಾವಶಿ ಅಂತ ಚ್ಯಾಷ್ಟಿ ಮಾಡಿದೆ. ಮನೀಗೆ ಹ್ವಾದ ಮ್ಯಾಲ ಅನಸ್ತು, ಈ ವಯಸ್ಸಿನ್ಯಾಗ ದುಡಿಯೂ ಕೈ ದಪ್ಪ ಆಗೂದಿಲ್ಲ ಅಕ್ಕಾರ, ಅದು ಬಾತಿತ್ತು.”

ಆಗ ಒಳಬಾಗಿಲಲ್ಲಿ ನಿಂತಿದ್ದ ಅತ್ತೆ ಹೇಳಿದರು: “ನಾನ ಕಟ್ಟೀನಿ ಆಕೀಗೆ ಪಟ್ಟಿ. ಮೂರೂ ಸಲ ನಾನ.”

ಅತ್ತೆ ನನ್ನ ಕಡೆ ತಿರುಗಿದರು. “ಅಭ್ಯಾಸ ಮಾಡ್ರಿ, ಹತ್ತ ಸಲ ಕಟ್ರಿ ಅಂತ ಬೈದಿ. ನನ್ನ ಕೈಗೆ ನಾನ ಕಟ್ಟಿಕೊಂಡು ನಾನ ಒತ್ತಾಕ ಬರತಿದ್ದಿಲ್ಲ. ಮಧ್ಯಾಹ್ನ ಮನ್ಯಾಗ ಇನ್ನೊಂದ ಕೈ ಯಾರದಿತ್ತು? ಆಕೀನ್ನ ಒಳಗ ಕರದು ಕುರ್ಚಿ ಮ್ಯಾಲ ಕುಂದ್ರಿಸಿ ಕಲತೆ. ಕಲತ ಮ್ಯಾಲೂ ಬಿಡಲಿಲ್ಲ. ಆಕೀಗೂ ಮಶೀನ್ ಮಾತಾಡೂದು ಕೇಳಿದ್ರ ನಗೀ ಬರತಿತ್ತು.”

ಕಾಕು ಸೆರಗು ಎಳೆದು ತಮ್ಮ ತೋಳನ್ನು ಮುಚ್ಚಿಕೊಂಡರು. ಮುಚ್ಚುವ ಮೊದಲು ಸೆರಗಿನಿಂದ ಒಮ್ಮೆ ಒರೆಸಿದರು. ಅದನ್ನು ಯಾರೂ ನೋಡಲಿಲ್ಲ ಎಂದುಕೊಂಡರೇನೋ, ನಾನು ನೋಡಿದೆ. ಅತ್ತೆ ನಿನ್ನೆಯಿಂದ ಯಾಕೆ ಬಾಯಿ ಬಿಟ್ಟಿರಲಿಲ್ಲ ಎಂದು ಆಗ ನನಗೆ ಹೊಳೆಯಿತು. ಅದೇ ಪಟ್ಟಿಯನ್ನು ಸಂಜೆ ಇವರೆಲ್ಲರ ತೋಳಿಗೂ ಕಟ್ಟುತ್ತಿದ್ದರಲ್ಲ.

“ಆಸ್ಪತ್ರ್ಯಾಗರ ಹೇಳಬಾರದಿತ್ತೇನ್ರಿ ಅತ್ತಿ? ಅಲ್ಲಿ ಇವರ ಯಾರೂ ಇದ್ದಿಲ್ಲಲ್ಲ!” ಎಂದು ಚೀರಿದೆ.

“ನೀ ಇದ್ದೆಲ್ಲ,” ಎಂದರು ಅತ್ತೆ. “ನೀ ಏನ ಅಂತೀಯೋ ಅಂತ. ಮದಲ ಆಕೀನ್ನ ಕೇಳೂಣು ಅಂದ್ರ ಆಕಿ ಬರಲೇ ಇಲ್ಲ.”

ನನಗೆ ಎಷ್ಟು ಸಿಟ್ಟು ಬಂತೆಂದರೆ, ಆ ಸಿಟ್ಟು ಯಾರ ಮೇಲೆ ಎಂದು ಇವತ್ತಿಗೂ ಸರಿಯಾಗಿ ಹೇಳಲಾರೆ. ಶಾಲೆಯಲ್ಲಿ ಮೂವತ್ತೆರಡು ವರ್ಷ ಎಲ್ಲ ಮಕ್ಕಳನ್ನೂ ಒಂದೇ ಸಾಲಿನಲ್ಲಿ ಊಟಕ್ಕೆ ಕೂರಿಸಿದವಳು ನಾನು. ಈ ಮನೆಗೆ ಬಂದಾಗ ಹಿತ್ತಲ ಗೂಡಿನಲ್ಲಿ ಮಾವಶಿಗೆಂದು ಬೇರೆ ಇಟ್ಟಿದ್ದ ಕಿವಿ ಮುರಿದ ಕಪ್ಪನ್ನು ಎಸೆದು ಹೊಸ ಸ್ಟೀಲಿನ ಲೋಟ ತಂದಿಟ್ಟಿದ್ದೆ. ಗೂಡು ಮಾತ್ರ ಅದೇ. ಅಷ್ಟೇ ನನ್ನ ಕ್ರಾಂತಿ. ಅತ್ತೆ ಆಕೆಯನ್ನು ಒಳಗೆ ಕರೆದು ಕುರ್ಚಿಯ ಮೇಲೆ ಕೂರಿಸಿ, ಅದನ್ನು ನನ್ನಿಂದ ಮುಚ್ಚಿಟ್ಟಿದ್ದರು. ನಾನು ಓಣಿಯವರನ್ನೆಲ್ಲ ಎಣಿಸಿದ್ದೆ, ಎಲ್ಲೋ ಕುಡಚಿಯಿಂದ ವಾರಕ್ಕೊಮ್ಮೆ ಬರುವವಳನ್ನೂ ಎಣಿಸಿದ್ದೆ. ಬಗಲಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕಿದ ಹಾಗೆ ಆಯಿತು ನನ್ನ ಗಣಿತ.

ಗಂಡ ಕಾರು ತೆಗೆದರು. ಊರಿನ ಆಚೆ ಕಡೆ ಹೋದ ಮೇಲೆ ಆಕೆಯ ಮನೆ ಯಾವುದೆಂದು ನನಗೆ ಗೊತ್ತಿಲ್ಲ ಎಂಬುದು ಗೊತ್ತಾಯಿತು. ನೀರು ತುಂಬುತ್ತಿದ್ದ ಹೆಂಗಸನ್ನು ಕೇಳಿದೆ, ಮಾವಶಿಯ ಮನೆ ಎಲ್ಲಿ ಎಂದು. “ಯಾವ ಮಾವಶಿ? ಇಲ್ಲಿ ವಯಸ್ಸಾದವರೆಲ್ಲಾ ಮಾವಶಿಗೋಳ,” ಎಂದಳು. ಚಿಕ್ಕಮ್ಮ ಎನ್ನುವ ಮರಾಠಿ ಮಾತು ಅದು. ನಮ್ಮ ಮನೆಗೆ ಬರುವವಳು, ಬೇದಾಣಿ ಸೋಸುವವಳು ಎಂದು ಗುರುತು ಹೇಳಬೇಕಾಯಿತು. ಅವಳು ನೀಲಿ ಬಣ್ಣದ ಗೋಡೆಯ ಮನೆಯೊಂದನ್ನು ತೋರಿಸಿದಳು.

ಮಗ ಸೊಸೆ ಕೆಲಸಕ್ಕೆ ಹೋಗಿದ್ದರು. ಬುದ್ಧನ ಪಟದ ಕೆಳಗೆ, ಹೊರಸಿನ ಮೇಲೆ, ಬೆನ್ನಿಗೆ ಎರಡು ಮೂಟೆ ಒರಗಿಸಿಕೊಂಡು ಮಾವಶಿ ನೆಟ್ಟಗೆ ಕುಳಿತಿದ್ದಳು. ಮಲಗಿದರೆ ಉಸಿರು ಸಿಗುತ್ತಿರಲಿಲ್ಲವಂತೆ. ಎರಡು ರಾತ್ರಿ ಹಾಗೇ ಕುಳಿತಿದ್ದಳಂತೆ. ಪಾದಗಳು ಊದಿ ಹೊಳೆಯುತ್ತಿದ್ದವು, ಕೈಯಲ್ಲಿ ಚಾಚಿಯ ಹೊಸ ಬಳೆಗಳು ಬಿಗಿದು ಕೂತಿದ್ದವು. ನನ್ನನ್ನು ಬಾಗಿಲಲ್ಲಿ ಕಂಡು ಏಳಲು ಹೋದಳು. “ನಾಳಿಗೆ ಬರತೀನ್ರಿ ಅಕ್ಕಾರ… ಬೇದಾಣಿ ಉಳದಾವಂತ ಗೊತ್ತೈತ್ರಿ,” ಎಂದಳು. ಕೆಲಸಕ್ಕೆ ಕರೆಯಲು ಬಂದಿದ್ದೇನೆ ಎಂದುಕೊಂಡಿದ್ದಳು. ಇಷ್ಟು ವರ್ಷದಲ್ಲಿ ನಾನು ಆ ಬಾಗಿಲಿಗೆ ಬಂದದ್ದು ಅದೇ ಮೊದಲಾದ್ದರಿಂದ ಬೇರೆ ಏನು ಅಂದುಕೊಳ್ಳಬೇಕಿತ್ತು ಆಕೆ? ನನಗೆ ಅಳು ಬಂತು.

ಆಕೆ ಬದುಕಿದಳು, ಅದನ್ನು ಇಲ್ಲೇ ಹೇಳಿಬಿಡುತ್ತೇನೆ. ಓದುವವರನ್ನು ಕಾಡಿಸುವ ಉದ್ದೇಶ ನನಗಿಲ್ಲ. ಲಕ್ವಾ ಹೊಡೆಯಲಿಲ್ಲ. ಎದೆಯ ತಾಳಕ್ಕೆ ಒಂದು, ರಕ್ತ ತೆಳುವಾಗಲು ಒಂದು, ನೀರು ಇಳಿಯಲು ಒಂದು ಎಂದು ಮೂರು ಗುಳಿಗೆ ನುಂಗುತ್ತಾಳೆ. ಕೆಲಸ ಬಿಟ್ಟಿದ್ದಾಳೆ, ಆದರೆ ದಿನ ಬಿಟ್ಟು ದಿನ ಸಂಜೆ ಬರುತ್ತಾಳೆ. ಮುಂಬಾಗಿಲಿಗೇ ಬಂದು ಕಟ್ಟೆಯ ಮೇಲೆ ಕುಳಿತು ಅತ್ತೆಯ ಕೈಯಲ್ಲಿ ಪಟ್ಟಿ ಕಟ್ಟಿಸಿಕೊಳ್ಳುತ್ತಾಳೆ. ಕಾಕು ಈಗ ಕೈ ಕೊಡುವುದಿಲ್ಲ, ಆ ಯಂತ್ರದಿಂದಲೇ ಬಿಪಿ ಏರುತ್ತದೆ ಎನ್ನುತ್ತಾರೆ. ಅಕ್ಕ ತಂಗಿಯರಲ್ಲಿ ಒಬ್ಬರು ಕೊಡುತ್ತಾರೆ, ಒಬ್ಬರು ಇಲ್ಲ. ಚಾಚಿ ಮಾತ್ರ ಸಂತೆಯ ದಿನ ಬಂದವಳು ಮಾವಶಿ ಬರುವ ತನಕ ಕಾದು, ಆಕೆಯ ತೋಳಿನಿಂದ ಬಿಚ್ಚಿದ ಪಟ್ಟಿಗೆ ತನ್ನ ತೋಳು ಒಡ್ಡುತ್ತಾಳೆ. ಆ್ಯಪ್‌ನಲ್ಲಿ ಎಲ್ಲರ ಹೆಸರನ್ನೂ ಬೇರೆ ಬೇರೆ ಮಾಡಿ ತುಂಬಿದ್ದೇನೆ, ಎಂಟು ಓಟಿಪಿ ಬೇಡಿ.

ಆದರೂ ನನ್ನ ಗೊಂದಲ ತೀರಿಲ್ಲ. ಮಾವಶಿಯನ್ನು ಉಳಿಸಿದ್ದು ಯಂತ್ರ ಎಂದು ಗಂಡ ಈಗ ಎಲ್ಲರಿಗೂ ಹೇಳುತ್ತಾರೆ, ಬ್ಯಾಟರಿ ತೆಗೆ ಎಂದದ್ದು ಅವರಿಗೆ ಮರೆತಿದೆ. ಯಂತ್ರ ಹೇಳಿದ್ದು ನಿಜ, ಆದರೆ ಅದು ಅತ್ತೆಯ ಹೆಸರಿನಲ್ಲಿ ಹೇಳಿತ್ತು. ಬಳೆ ಏರದಿದ್ದರೆ ತಾನೇ ನಮಗೆ ತಿಳಿದದ್ದು? ಅಂಕಿ ಬರದಿದ್ದರೆ ಬಳೆಯ ಮಾತನ್ನು ನಾನು ಕೇಳುತ್ತಿದ್ದೆನೇ? ಇದಕ್ಕಿಂತ ದೊಡ್ಡದು ಇನ್ನೊಂದಿದೆ. ನಾನು ಶಿಸ್ತಿನವಳು. ಈ ಯಂತ್ರವನ್ನು ಅತ್ತೆ ಎಲ್ಲರಿಗೂ ಕಟ್ಟುತ್ತಾರೆಂದು ಮೊದಲೇ ಗೊತ್ತಾಗಿದ್ದರೆ ಗದರಿ ಬಿಡಿಸುತ್ತಿದ್ದೆ. ಬರೆದ ನಿಯಮದ ಪ್ರಕಾರ ಅದು ಒಬ್ಬರ ಯಂತ್ರ. ನಿಯಮದ ಪ್ರಕಾರ ನಡೆದಿದ್ದರೆ ಅತ್ತೆ ತಲೆ ಸುತ್ತಿ ಬೀಳುತ್ತಿರಲಿಲ್ಲ, ಮಾವಶಿ ಆ ನೀಲಿ ಗೋಡೆಗೆ ಒರಗಿ ಸತ್ತಿರುತ್ತಿದ್ದಳು. ಸರಿ ಯಾವುದು, ತಪ್ಪು ಯಾವುದು ಎಂದು ಮಕ್ಕಳ ನೋಟುಬುಕ್ಕಿನ ಮೇಲೆ ಕೆಂಪು ಮಸಿಯಲ್ಲಿ ಗುರುತು ಹಾಕುತ್ತಿದ್ದ ನನಗೆ ಇದನ್ನು ತಿದ್ದಲು ಬರುತ್ತಿಲ್ಲ.

ಆ ದಿನ ಮಾವಶಿಯನ್ನು ಮಿರಜಕ್ಕೆ ಒಯ್ಯುವಾಗ ಅತ್ತೆಯೂ ಹಟ ಮಾಡಿ ಕಾರು ಹತ್ತಿದ್ದರು. ಹಿಂದಿನ ಸೀಟಿನಲ್ಲಿ ಮಾವಶಿಯ ಬೆನ್ನಿಗೆ ತಮ್ಮ ಹೆಗಲು ಕೊಟ್ಟು, ದಾರಿಯುದ್ದಕ್ಕೂ ಆಕೆಯ ಕೈ ಹಿಡಿದು ಕುಳಿತಿದ್ದರು. ಆಸ್ಪತ್ರೆಯಲ್ಲಿ ಆಕೆಯನ್ನು ಒಳಗೆ ಒಯ್ದು ಮೂಗು ಬಾಯಿಗೆ ಆಮ್ಲಜನಕದ ಮಾಸ್ಕ್ ಹಾಕಿದರು. ಅಷ್ಟರಲ್ಲಿ ಕೈಯಲ್ಲಿ ಟ್ಯಾಬ್ ಹಿಡಿದುಕೊಂಡು ಒಬ್ಬ ಹುಡುಗಿ ಮಂಚದ ಹತ್ತಿರ ಬಂದಳು. ನನ್ನ ಫೋನಿನಲ್ಲಿ ಆ್ಯಪ್ ಹಾಕಿಕೊಟ್ಟಿದ್ದ ಅದೇ ಹುಡುಗಿ.

“ಪೇಶಂಟ್‌ದ ಹೆಸರು?” ಎಂದು ನನ್ನನ್ನು ಕೇಳಿದಳು.

“ಮಾವಶಿ,” ಎಂದೆ. ಅವಳು ಟ್ಯಾಬಿನಿಂದ ಕಣ್ಣೆತ್ತಿ ನನ್ನ ಮುಖ ನೋಡಿದಳು. ನಾನು ಗಂಡನ ಮುಖ ನೋಡಿದೆ, ಅವರು ಅತ್ತೆಯ ಮುಖ ನೋಡಿದರು. ನಮ್ಮ ಮೂವರಲ್ಲಿ ಯಾರಿಗೂ ಗೊತ್ತಿರಲಿಲ್ಲ. ಮಾವಶಿಯೇ ಮಾಸ್ಕನ್ನು ಒಂದು ಬೆರಳಿನಿಂದ ಸರಿಸಿ ತನ್ನ ಹೆಸರು, ಗಂಡನ ಹೆಸರು, ಅಡ್ಡಹೆಸರು ಹೇಳಿದಳು. ಚಂದದ ಹೆಸರು. ಇಷ್ಟು ವರ್ಷ ನಾನು ಒಮ್ಮೆಯೂ ಕರೆದಿರದ ಹೆಸರು.

“ಮೊಬೈಲ್ ನಂಬರು?”

ಆಕೆಯ ಬಳಿ ಫೋನೇ ಇಲ್ಲ, ಮಗನ ನಂಬರು ನನಗೆ ಗೊತ್ತಿಲ್ಲ ಎಂದು ನಾನು ತೊದಲುತ್ತಿರುವಾಗಲೇ ಆಕೆ ಮತ್ತೆ ಮಾಸ್ಕ್ ಸರಿಸಿ ಅಂಕಿಗಳನ್ನು ಹೇಳತೊಡಗಿದಳು. ಅಕ್ಷರ ಬಾರದವಳು, ಒಂದೊಂದಾಗಿ, ಮಗ್ಗಿ ಒಪ್ಪಿಸುವ ಮಗುವಿನ ಹಾಗೆ ಹೇಳಿದಳು. ನಾಲ್ಕನೆಯ ಅಂಕಿಗೆ ನನಗೆ ಗುಮಾನಿ ಬಂತು. ಆರನೆಯದಕ್ಕೆ ಖಾತ್ರಿಯಾಯಿತು. ಅದು ನನ್ನ ನಂಬರು.

“ನಿನಗ ಹೆಂಗ ಗೊತ್ತು ಇದು?” ಎಂದೆ.

“ನೀವ ಹೇಳಿದ್ರೆಲ್ರಿ ಅಕ್ಕಾರ, ಮಧ್ಯಾಹ್ನ ನಾ ಇರೂದಿಲ್ಲ, ಅತ್ತೀಗೆ ಏನರ ಆದ್ರ ಯಾರ ಫೋನ್ ಇಸ್ಕೊಂಡಾದ್ರೂ ಹಚ್ಚು, ನೆನಪ ಇಟಗೊ ಅಂತ.”

ಹಾಗೆ ಹೇಳಿದ್ದು ನನಗೆ ನೆನಪಿಲ್ಲ. ಹುಡುಗಿ ಅರ್ಧವನ್ನಷ್ಟೇ ಬರೆದುಕೊಂಡಿದ್ದಳು, ಇನ್ನೊಮ್ಮೆ ಹೇಳಿ ಎಂದಳು. ಮಾವಶಿ ಉಸಿರು ಎಳೆದುಕೊಂಡು, ಒಂದು ಅಂಕಿಯೂ ತಪ್ಪದೆ, ಮೊದಲಿನಿಂದ ಹೇಳಿದಳು.